ಸೂಜಿಗೆ ಹೆದರಿ ಕಳೆದ ಮೂರು ತಿಂಗಳು

ಇಸಳೂರಿನ ರಸ್ತೆ ಬದಿಯ ಖಾನಾವಳಿಯಲ್ಲಿ ಪಾರ್ವತವ್ವ ಕೆಮ್ಮಿದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಬನವಾಸಿ ಕಡೆಯಿಂದ ಬಂದು ಗಂಡ ಮಧುಕೇಶ್ವರ ಖಾನಾವಳಿ ಇಟ್ಟಾಗಿನಿಂದ ಕಟ್ಟಿಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳು ಅವಳೇ. ಹೊಗೆ ಕುಡಿದವರು ಕೆಮ್ಮುತ್ತಾರೆ, ಅದರಲ್ಲೇನು ವಿಶೇಷ ಎಂದು ಗಂಡ ಅಂದ, ಮಗ ಸುಭಾಷ್ ಅಂದ, ಕೊನೆಗೆ ಅವಳೂ ಹಾಗೇ ಅಂದುಕೊಂಡಳು. ಶುಂಠಿ ಕಷಾಯ ಆಯಿತು, ಅಂಗಡಿಯ ಸಿರಪ್ಪು ಆಯಿತು. ಕಫದಲ್ಲಿ ರಕ್ತ ಕಂಡ ಮೇಲಷ್ಟೇ ಎಲ್ಲರಿಗೂ ದಿಗಿಲಾಯಿತು.

ಶಿರಸಿಯಲ್ಲಿ ಕಫ ಪರೀಕ್ಷೆ ಮಾಡಿದರೆ ಟಿ.ಬಿ. ಇರಲಿಲ್ಲ. ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಆಯಿತು. ಅದರ ಫಲಿತಾಂಶ ಕೇಳಲು ಗಂಡಸರಿಬ್ಬರೂ ಡಾಕ್ಟರ ಕೋಣೆಗೆ ಹೋದರು, ಪಾರ್ವತವ್ವನನ್ನು ಚೀಲ ಕಾಯಲು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಎದೆ ಅವಳದು, ಕೆಮ್ಮು ಅವಳದು, ಮಾತು ಮಾತ್ರ ಗಂಡಸರದು!

ಒಳಗೆ ನಡೆದದ್ದು ಅವಳಿಗೆ ಗೊತ್ತಾದದ್ದು ಬಹಳ ತಡವಾಗಿ. ಶ್ವಾಸಕೋಶದಲ್ಲಿ ಚಿಕ್ಕ ಗಡ್ಡೆ ಇದೆ, ಕ್ಯಾನ್ಸರ್ ಅನುಮಾನ, ಸೂಜಿಯಿಂದ ಚೂರು ತೆಗೆದು ಬಯಾಪ್ಸಿ ಪರೀಕ್ಷೆ ಮಾಡಬೇಕು, ತಡ ಮಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಮಧುಕೇಶ್ವರನಿಗೆ ಸೂಜಿ ಎಂದದ್ದೇ ಸಾಕಾಯಿತು. ಅವನ ಅಣ್ಣ ಶರಣಪ್ಪ ಇದೇ ರೋಗದಲ್ಲಿ ಹೋದವನು. ಸೂಜಿ ಚುಚ್ಚಿದ್ದರಿಂದಲೇ ರೋಗ ಮೈಯೆಲ್ಲ ಹರಡಿತು ಎಂದು ಆ ಮನೆತನದವರೆಲ್ಲ ನಂಬಿದ್ದರು. ಹೆಂಡತಿಗೆ ಸೂಜಿ ಬೇಡ, ವಿಷಯ ತಿಳಿಸುವುದೂ ಬೇಡ ಎಂದು ಅವನು ಬಸ್ಸಿನಲ್ಲೇ ತೀರ್ಮಾನಿಸಿಬಿಟ್ಟ.

"ಏನಂದ್ರು ಡಾಕ್ಟ್ರು?" ಎಂದು ಪಾರ್ವತವ್ವ ಕೇಳಿದಳು.

"ಕಫ ಗಟ್ಟಿ ಆಗೇತಂತ. ಒಲಿ ಮುಂದ ಕೂಡಬ್ಯಾಡ, ಆರಾಮ ಇರು."

ಅಂದಿನಿಂದ ಮನೆಯ ರೀತಿಯೇ ಬದಲಾಯಿತು. ರೊಟ್ಟಿಗೆ ಬೇರೆ ಹೆಂಗಸು ಬಂದಳು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಹೋಳಿಗೆ ಮಾಡಿದರು. ವರ್ಷಗಟ್ಟಲೆ ಮುಖ ತೋರಿಸದ ನೆಂಟರು ಬಾಳೆಹಣ್ಣು ಹಿಡಿದು ಬಂದು, "ಬೇಕಾದ್ದು ತಿನ್ನವಾ" ಎಂದು ಹೇಳಿ ಹೋದರು. ತಂಗಿ ವೆಂಕಮ್ಮ ಹಿತ್ತಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅಳುವುದನ್ನು ಪಾರ್ವತವ್ವ ಕಿಟಕಿಯಿಂದ ಕಂಡಳು. ಕಫಕ್ಕೆ ಯಾರೂ ಹೀಗೆ ಅಳುವುದಿಲ್ಲ ಎಂದು ತಿಳಿಯದಷ್ಟು ದಡ್ಡಿ ಅವಳಲ್ಲ. ಕೇಳಿದರೆ ಮಾತ್ರ ಎಲ್ಲರೂ ಮಾತು ಮರೆಸುತ್ತಿದ್ದರು. ಹೀಗೇ ಮೂರು ತಿಂಗಳು ಕಳೆಯಿತು. ಈಗ ಮೆಟ್ಟಿಲು ಹತ್ತಿದರೂ ಅವಳಿಗೆ ದಮ್ಮು ಬರುತ್ತಿತ್ತು.

ಒಂದು ದಿನ ವಾನಳ್ಳಿಯ ದೇವಕಿ ಟೀಚರು ಬಂದರು. ಹುಬ್ಬಳ್ಳಿಗೆ ಚೆಕಪ್ಪಿಗೆ ಹೋಗಿ ಬರುವಾಗೆಲ್ಲ ಇಲ್ಲಿ ರೊಟ್ಟಿ ಕಟ್ಟಿಸಿಕೊಂಡು ಹೋಗುವ ಗಿರಾಕಿ. ಏತರ ಚೆಕಪ್ಪು ಎಂದು ಯಾರೂ ಕೇಳಿದ್ದಿಲ್ಲ.

"ಎಂತಾ ಆಯ್ತು ಪಾರ್ವತವ್ವಾ? ಇಷ್ಟು ಇಳಿದು ಹೋಗಿದ್ದೀರಲ್ಲ!"

"ಕಫ ಅಂತ್ರಿ ಟೀಚರ್. ಸ್ಕ್ಯಾನಿನ್ಯಾಗ ಗಟ್ಟಿ ಕಂಡೇತಂತ. ಕೆಮ್ಮಿದ್ರ ರಕ್ತ ಬರ್ತೈತ್ರಿ."

ಟೀಚರು ಮಧುಕೇಶ್ವರನ ಮುಖ ನೋಡಿದರು. ಅವನು ಕೌಂಟರ್ ಒರೆಸತೊಡಗಿದ.

"ನನಗೂ ಹೀಗೇ ಶುರುವಾದದ್ದು. ನನಗೆ ಶ್ವಾಸಕೋಶದ ಕ್ಯಾನ್ಸರ್, ಪಾರ್ವತವ್ವ. ಐದನೇ ವರ್ಷ ನಡೀತಾ ಇದೆ. ನಾನೂ ಒಂದು ಬೀಡಿ ಮುಟ್ಟಿದವಳಲ್ಲ."

"ಅಕ್ಕಾರ, ಅಕಿ ಮುಂದ ಆ ಹೆಸರು ತಗೀಬ್ಯಾಡ್ರಿ!" ಮಧುಕೇಶ್ವರ ಕೂಗಿದ. "ನಮ್ಮಣ್ಣ ಅಡ್ಡಾಡಿಕೊಂಡು ಇದ್ದ. ಸೂಜಿ ಚುಚ್ಚಿದ್ರು, ನಾಕು ತಿಂಗಳಿಗೆ ಹೋದ."

"ಚುಚ್ಚುವಾಗ ರೋಗ ಎಲ್ಲಿವರೆಗೆ ಬಂದಿತ್ತು?"

ಸುಭಾಷ್ ಮೆಲ್ಲಗೆ, "ಎಲುಬಿಗೂ ಬಂದಿತ್ರಿ" ಎಂದ.

"ಹಂಗಾದ್ರೆ ಮೊದಲೇ ಹರಡಿತ್ತು, ಆಮೇಲೆ ಸೂಜಿ ಬಂತು. ಸೂಜಿಯಿಂದ ಹರಡೋದು ತೀರಾ ಅಪರೂಪ ಅಂತ ನನ್ನ ಡಾಕ್ಟ್ರು ಹೇಳಿದ್ದಾರೆ. ಆ ಚೂರು ಸಿಗದೆ ಯಾವ ಔಷಧಿ ಕೊಡಬೇಕು ಅಂತ ಅವರಿಗಾದ್ರೂ ಹೇಗೆ ಗೊತ್ತಾಗಬೇಕು? ಈ ಕ್ಯಾನ್ಸರ್ ಒಂದೇ ಥರದ್ದಲ್ಲ. ನನ್ನ ಗಡ್ಡೆಯ ಜೀನ್ ಪರೀಕ್ಷೆ ಮಾಡಿದ್ರು, ಅದಕ್ಕೆ ಹೊಂದೋ ಮಾತ್ರೆ ಸಿಕ್ತು. ಎಲ್ಲರಿಗೂ ಹೊಂದೋದಿಲ್ಲ. ಹೊಂದದವರಿಗೆ ಕೀಮೋ ಇದೆ, ನಮ್ಮ ಮೈಯ ಶಕ್ತಿಯನ್ನೇ ರೋಗದ ಮೇಲೆ ಎಬ್ಬಿಸೋ ಇಮ್ಯುನೋಥೆರಪಿ ಇದೆ."

"ಮೊಬೈಲಿನ್ಯಾಗ ನೋಡೀನ್ರಿ. ಐದು ವರ್ಷ ಬದುಕವ್ರು ಭಾಳ ಕಡಿಮಿ ಅಂತ ಐತಿ" ಎಂದ ಸುಭಾಷ್.

"ಆ ಲೆಕ್ಕ ಹಿಂದೆ ರೋಗ ಬಂದವರದ್ದು ಮಾರಾಯಾ. ಅವರಲ್ಲಿ ಎಷ್ಟೋ ಜನಕ್ಕೆ ಈಗಿನ ಔಷಧಿ ಸಿಕ್ಕಿರಲಿಲ್ಲ. ಬೇಗ ಗೊತ್ತಾದವರು, ತಡವಾಗಿ ಗೊತ್ತಾದವರು ಎಲ್ಲರನ್ನೂ ಕೂಡಿಸಿ ತೆಗೆದ ಸರಾಸರಿ ಅದು. ನಿನ್ನ ಅವ್ವನ ಆಯುಷ್ಯ ಮೊಬೈಲಿಗೆ ಹೇಗೆ ಗೊತ್ತು? ನಾನು ಪೂರ್ತಿ ಗುಣ ಆದೆ ಅಂತ ಸುಳ್ಳು ಹೇಳೋದಿಲ್ಲ. ರೋಗ ಹಿಡಿತದಲ್ಲಿದೆ. ಅಷ್ಟಾದ್ರೂ ಇದೆಯಲ್ಲ!"

ಅಷ್ಟರಲ್ಲಿ ಪಾರ್ವತವ್ವ ಎದ್ದು ನಿಂತಿದ್ದಳು. ಅವಳಿಗೆ ಅಳು ಬರಲಿಲ್ಲ, ಮೈ ಉರಿದುಹೋಯಿತು.

"ನಾ ಜೀವಂತ ಇರುವಾಗನ ನನ್ನ ತಿಥಿ ಹೋಳಿಗಿ ನನಗ ಉಣಿಸಿದ್ರೇನು? ಊರಿಗೆಲ್ಲ ಹೇಳಿದ್ರಿ, ನನಗ ಹೇಳಲಿಲ್ಲ. ನಾಳೆ ಬೆಳಿಗ್ಗೆ ಹುಬ್ಬಳ್ಳಿಗೆ ಹೋಗೂದು. ಒಳಗ ನಾ ಬರ್ತೀನಿ. ಚೀಲ ನೀವು ಕಾಯ್ರಿ."

ಸೂಜಿ ಹಾಕಿದಾಗ ಸ್ವಲ್ಪ ನೋವಾಯಿತು, ಅಷ್ಟೆ. ರಿಪೋರ್ಟು ಬಂದ ದಿನ ಅದೇ ಹುಬ್ಬಳ್ಳಿ ಆಸ್ಪತ್ರೆಯ ಡಾಕ್ಟರ್ ಮೇಧಾ ಪಾರ್ವತವ್ವನನ್ನೇ ಎದುರಿಗೆ ಕೂರಿಸಿಕೊಂಡು ಹೇಳಿದರು.

"ನಿಮ್ಮ ಗಡ್ಡೆಗೆ ಹೊಂದುವ ಮಾತ್ರೆ ಇದೆ ಅಮ್ಮ, ಅದು ಒಳ್ಳೆಯ ಸುದ್ದಿ. ಮೊದಲ ಸಲ ಬಂದಾಗ ಗಡ್ಡೆ ಚಿಕ್ಕದಿತ್ತು, ಆಪರೇಷನ್ ಮಾಡಿ ತೆಗೆಯುವ ಯೋಚನೆ ಮಾಡಬಹುದಿತ್ತು. ಹೊಸ ಸ್ಕ್ಯಾನಿನಲ್ಲಿ ನೋಡಿದರೆ ಈಗ ಅದು ಬೇರೆ ಕಡೆಗೂ ಹೋಗಿದೆ. ಆಪರೇಷನ್ ಸಾಧ್ಯವಿಲ್ಲ."

ಮಧುಕೇಶ್ವರ ತಲೆ ತಗ್ಗಿಸಿದ. ಪಾರ್ವತವ್ವ ಅವನ ಕಡೆ ನೋಡಲಿಲ್ಲ.

"ಈ ಗುಳಿಗಿ ನಡೀದಿದ್ರ?" ಎಂದು ಕೇಳಿದಳು.

"ಮತ್ತೆ ಪರೀಕ್ಷೆ ಮಾಡಿ ಬೇರೆ ಔಷಧಿ ನೋಡುತ್ತೇವೆ. ಹೊಸ ಔಷಧಿಯ ಸಂಶೋಧನೆ ಎಲ್ಲಾದರೂ ನಡೆಯುತ್ತಿದ್ದು, ನಿಮಗೆ ಹೊಂದಿದರೆ, ಸೇರಬಹುದು."

"ಅಂದ್ರ ಇಲಿ ಮ್ಯಾಲೆ ಪ್ರಯೋಗ ಮಾಡಿದಂಗೇನ್ರಿ?"

"ಇಲಿಯನ್ನು ಯಾರೂ ಕೇಳುವುದಿಲ್ಲ ಅಮ್ಮ. ನಿಮಗೆ ಲಾಭ, ಅಪಾಯ ಎರಡನ್ನೂ ತಿಳಿಸಿ, ನೀವು ಒಪ್ಪಿ ಸಹಿ ಮಾಡಿದರೆ ಮಾತ್ರ. ನಡುವೆ ಬೇಡ ಅನಿಸಿದರೆ ಬಿಡಬಹುದು. ಇಂದಿನ ನಿಮ್ಮ ಮಾತ್ರೆಯೂ ಹಾಗೆ ಒಪ್ಪಿದ ರೋಗಿಗಳಿಂದಲೇ ಬಂದದ್ದು."

ಪಾರ್ವತವ್ವ ಈಗ ದಿನಾ ಮಾತ್ರೆ ನುಂಗುತ್ತಾಳೆ. ದಮ್ಮು ಕಡಿಮೆಯಾಗಿದೆ, ಗಂಟಲಲ್ಲಿ ಅನ್ನ ಇಳಿಯುತ್ತಿದೆ. ಖಾನಾವಳಿಗೆ ಗ್ಯಾಸ್ ಒಲೆ ಬಂದಿದೆ. ಗಂಡ ಹೊತ್ತಿಗೆ ಸರಿಯಾಗಿ ನೀರು ಮಾತ್ರೆ ತಂದು ಮುಂದಿಡುತ್ತಾನೆ. ಅವಳು ತೆಗೆದುಕೊಳ್ಳುತ್ತಾಳೆ, ಆದರೆ ಮನಸ್ಸು ತಿಳಿಯಾಗಿಲ್ಲ.

ಮೊನ್ನೆ ಬನವಾಸಿಯಿಂದ ಅವನ ಷಡ್ಡಕ ಬಂದಿದ್ದ. ಹೆಂಡತಿ ವೆಂಕಮ್ಮನಿಗೂ ಬಿಡದ ಕೆಮ್ಮು, ಡಾಕ್ಟರು ಸೂಜಿ ಹಾಕಬೇಕೆಂದಿದ್ದಾರೆ, ಏನು ಮಾಡಲಿ ಎಂದು ಕೇಳಿದ.

"ಹಾಕಿಸು. ಇವತ್ತ ಹಾಕಿಸು" ಎಂದ ಮಧುಕೇಶ್ವರ. "ಅಕಿನ್ನ ಒಳಗ ಕರಕೊಂಡು ಹೋಗು. ಅಕಿ ಮುಂದನ ಕೇಳು."

ಒಳಗೆ ಕೂತ ಪಾರ್ವತವ್ವನಿಗೆ ಎಲ್ಲ ಕೇಳಿಸಿತು. ಈ ಮಾತು ಆವತ್ತು ಆ ಬಸ್ಸಿನಲ್ಲಿ ಅವನ ಬಾಯಿಗೆ ಬರಲಿಲ್ಲವಲ್ಲ ಎಂದು ಅವಳ ಹೊಟ್ಟೆ ಉರಿಯಿತು. ಆದರೂ ಕೂಗಿ ಹೇಳಿದಳು:

"ಹೋಳಿಗಿ ಮಾಡಬ್ಯಾಡ ಅಂತಾನೂ ಹೇಳ್ರಿ ಅವಗ!"

ಅಕ್ಕಂದಿರೇ, ಅಣ್ಣಂದಿರೇ, ಕೆಮ್ಮು ಮೂರು ವಾರ ಬಿಡದಿದ್ದರೆ ಎದೆ ತೋರಿಸಿ. ಕಫದಲ್ಲಿ ರಕ್ತ ಕಂಡರೆ ಒಂದು ದಿನವೂ ಕಾಯಬೇಡಿ. ಬೀಡಿ ಸೇದದವರಿಗೂ ಈ ರೋಗ ಬರುತ್ತದೆ. ಬಯಾಪ್ಸಿಗೆ ಹೆದರಬೇಡಿ, ಜೀನ್ ಪರೀಕ್ಷೆ ಬೇಕೇ ಎಂದು ಡಾಕ್ಟರನ್ನು ನೀವೇ ಕೇಳಿ. ಎಲ್ಲಕ್ಕಿಂತ ಮೊದಲು, ರೋಗ ಯಾರದೋ ಅವರನ್ನು ಹೊರಗೆ ಚೀಲ ಕಾಯಲು ಕೂರಿಸಬೇಡಿ.