ಗೋಡು ಮಣ್ಣು

ನಾನು ಏನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ಸಾತನೂರಿನಲ್ಲಿರುವ ನಮ್ಮವ್ವ ಇವತ್ತಿಗೂ ಹೇಳುವುದು ಒಂದೇ ಮಾತು: "ನಮ್ ಶಾಲಿನಿ ಮಣ್ಣು ತೊಳೀತಾಳೆ." ಮಣ್ಣು ತೊಳೆಯುವುದಕ್ಕೆ ಪಿಎಚ್.ಡಿ. ಯಾಕೆ ಬೇಕಿತ್ತು ಎಂದು ಮದುವೆ ಮನೆಗಳಲ್ಲಿ ನೆಂಟರು ನಗುತ್ತಾರೆ. ಸರ್ಕಾರದ ಕಾಗದದಲ್ಲಿ ನಾನು ಕಲುಷಿತ ಸ್ಥಳಗಳ ಶುದ್ಧೀಕರಣ ತಜ್ಞೆ. ಕಾರ್ಖಾನೆಯವರು ಹೂತಿಟ್ಟು ಓಡಿಹೋದ ವಿಷವನ್ನು ಹುಡುಕಿ, ಅಗೆಸಿ, ಸಾಗಿಸಿ, ಜಾಗ ಶುದ್ಧವಾಯಿತು ಎಂದು ರುಜು ಹಾಕುವವಳು. ನಿಜ ಹೇಳಬೇಕೆಂದರೆ ಈ ಕೆಲಸದಲ್ಲಿ ಅಗೆಯುವುದಕ್ಕಿಂತ ರುಜು ಹಾಕುವುದೇ ಹೆಚ್ಚು. ಅವ್ವನಿಗೆ ಅದನ್ನು ಹೇಳಿಲ್ಲ.

ಮರಳವಾಡಿಯಿಂದ ಆಚೆಗೆ ಹುಣಸೆಕಟ್ಟೆದೊಡ್ಡಿ ಎಂಬ ಊರಿದೆ. ಅಲ್ಲಿ ಕೆರೆಯ ಅಂಚಿಗೇ ಕೀಟನಾಶಕವನ್ನು ಡಬ್ಬಿಗೆ ತುಂಬುವ ಒಂದು ಕಾರ್ಖಾನೆ ಇತ್ತು. ಅದರ ಯಜಮಾನ ಬಾಗಿಲು ಹಾಕಿಕೊಂಡು ಹೋಗುವಾಗ ಕೆಟ್ಟ ಸರಕನ್ನೆಲ್ಲ ಹಿತ್ತಲಲ್ಲಿ ಗುಂಡಿ ತೋಡಿ ಸುರಿದು, ಮೇಲೆ ಮಣ್ಣು ಎಳೆದು ಹೋಗಿದ್ದ. ಕೆರೆಯಂಚಿನ ಮಣ್ಣು, ನುಣುಪಾಗಿ, ಕಪ್ಪಗೆ ಇರುವಂಥದ್ದು. ವಿಷ ಅದರೊಳಗೆ ಕಲೆತು ಕೂತಿತ್ತು, ನೋಡಿದರೆ ಗೊತ್ತಾಗುವಂತಿರಲಿಲ್ಲ. ಈ ವರ್ಷದ ಜನವರಿ, ಫೆಬ್ರವರಿಯಲ್ಲಿ ಆ ಮಣ್ಣನ್ನು ತೆಗೆಸಿದೆ. ಒಟ್ಟು ಮೂವತ್ತೆಂಟು ಲಾರಿ. ಪ್ರತಿ ಲಾರಿಗೂ ಒಂದು ಚೀಟಿ: ಇಲ್ಲಿಂದ ಹೊರಟಿತು, ಅಪಾಯಕಾರಿ ಕಸ ಹೂಳುವ ಜಾಗಕ್ಕೆ ತಲುಪಿತು ಎಂದು.

ಮೂವತ್ತು ಲಾರಿಗಳನ್ನು ನಾನೇ ಬಿಸಿಲಲ್ಲಿ ನಿಂತು ಕಳಿಸಿದೆ. ಕೊನೆಯ ಮೂರು ದಿನ ಬೆಂಗಳೂರಿನಲ್ಲಿ ಕಾರ್ಯಾಗಾರವಿತ್ತು. ಇದೇ ಗುಂಡಿಯ ಫೋಟೋಗಳನ್ನು ಹಾಕಿ 'ಮಾದರಿ ಕಾಮಗಾರಿ' ಎಂದು ನಾನು ಭಾಷಣ ಮಾಡಬೇಕಿತ್ತು, ಮಾಡಿದೆ, ಚಪ್ಪಾಳೆಯೂ ಬಿತ್ತು. ಊಟದ ಬಿಡುವಿನಲ್ಲಿ ಕಂಟ್ರಾಕ್ಟರ್ ಮನೋಹರ್ ಉಳಿದ ಎಂಟು ಚೀಟಿ ಹಿಡಿದುಕೊಂಡು ಬಂದ. ನನ್ನ ಕೈಯಲ್ಲಿ ಐಸ್‌ಕ್ರೀಮಿನ ಕಪ್ಪಿತ್ತು. ಅದನ್ನು ಪಕ್ಕಕ್ಕಿಟ್ಟು ಎಂಟಕ್ಕೂ ರುಜು ಹಾಕಿದೆ.

ಮಾರ್ಚಿನಲ್ಲಿ ಅಲ್ಲಿ ಬೋರ್ಡು ನೆಟ್ಟರು. 'ಈ ಸ್ಥಳವನ್ನು ಸಂಪೂರ್ಣವಾಗಿ ಶುದ್ಧೀಕರಿಸಲಾಗಿದೆ.' ಕೆಳಗೆ ನನ್ನ ಹೆಸರು, ಹೆಸರಿನ ಮುಂದೆ ಡಾ. ನಾನು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಅವ್ವನಿಗೆ ಕಳಿಸಿದೆ.

ಜುಲೈನಲ್ಲಿ ಸುತ್ತಲಿನ ಬೋರ್‌ವೆಲ್‌ಗಳ ನೀರಿನ ಸ್ಯಾಂಪಲ್ ತೆಗೆಯಲು ಮತ್ತೆ ಹೋಗಬೇಕಾಯಿತು. ಒಂದು ಬೋರ್‌ವೆಲ್ ದೊಡ್ಡಲಕ್ಷ್ಮಮ್ಮನವರ ತೋಟದ್ದು. ಅರವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಮನೆಯಲ್ಲಿ ಮಗ ನಾಗರಾಜು, ಎರಡು ವರ್ಷದ ಹಿಂದೆ ವಿರೂಪಾಕ್ಷಿಪುರದಿಂದ ತಂದುಕೊಂಡ ಸೊಸೆ ಭಾನುಪ್ರಿಯ. ಮೂವರೂ ರೇಷ್ಮೆ ಹುಳ ಸಾಕಿ ಬದುಕುವವರು. ಬೋರ್ಡಿನಲ್ಲಿರುವ ಹೆಸರು ನನ್ನದೇ ಎಂದು ಗೊತ್ತಾದ ಮೇಲೆ ದೊಡ್ಡಲಕ್ಷ್ಮಮ್ಮ ಬಿಡಲಿಲ್ಲ. ಹುಳ ನಾಲ್ಕನೇ ಜ್ವರ ಎದ್ದು, ಕೊನೆಯ ಸಲ ಪೊರೆ ಕಳಚಿ, ಸೊಪ್ಪು ಮುಕ್ಕುತ್ತಿವೆ, ನೋಡಿಕೊಂಡೇ ಹೋಗಬೇಕು ಎಂದು ಹಟ ಹಿಡಿದರು. ನಮ್ಮವ್ವನೂ ಹುಳ ಸಾಕಿದವಳು. ಆ ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ ಮೂಗಿಗೆ ಬಡಿದದ್ದೇ ನನಗೂ ಆಸೆಯಾಯಿತು.

ಹುಳಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲು ಅದ್ದಿಸಿ, ಆಮೇಲೆ ದನಿ ತಗ್ಗಿಸಿ ಕೇಳಿದರು.

"ತಪ್ಪು ತಿಳ್ಕಬ್ಯಾಡಿ ಮೇಡಮ್ಮೋರೆ. ಹೊರಗಾಗಿಲ್ಲ ತಾನೆ?"

ನನಗೆ ಅವತ್ತು ಎರಡನೇ ದಿನ. ಮೈಯೆಲ್ಲ ಉರಿದುಹೋಯಿತು. ಊರಿನ ಮಾಲಿನ್ಯ ತೆಗೆಯಲು ಬಂದವಳ ಮೈಲಿಗೆ ವಿಚಾರಿಸುತ್ತಿದ್ದಾಳೆ ಮುದುಕಿ. ಹುಡುಗಿಯಾಗಿದ್ದಾಗ ತಿಂಗಳಿಗೆ ಮೂರು ದಿನ ನಮ್ಮ ಹುಳಮನೆಯ ಹೊರಗೆ ಜಗಲಿಯ ಮೇಲೆ ಚಾಪೆ ಹಾಕಿಕೊಂಡು ಕೂತವಳು ನಾನು. ಆ ಜಗಲಿಯಿಂದ ಎದ್ದು ಬರಬೇಕೆಂದೇ ಇಷ್ಟು ಓದಿದ್ದು. "ಇಲ್ಲ ಕಣವ್ವ" ಎಂದು ತಣ್ಣಗೆ ಹೇಳಿ ಒಳಗೆ ಹೋದೆ. ಸುಳ್ಳಾಡಿದ್ದಕ್ಕೆ ಬೇಸರವಾಗಲಿಲ್ಲ. ಗೆದ್ದಂತೆಯೇ ಅನ್ನಿಸಿತು.

ಹುಳಗಳು ಬಿಳಿಯಾಗಿ, ದಪ್ಪಗೆ, ಚೆನ್ನಾಗಿಯೇ ಇದ್ದವು. ಆದರೆ ಮೂಲೆಯ ಸ್ಟ್ಯಾಂಡಿನಲ್ಲಿ ಒಂದಿಷ್ಟು ಹುಳ ಸೊಪ್ಪು ಬಿಟ್ಟು ತಲೆ ಎತ್ತಿ ಅತ್ತಿಂದಿತ್ತ ಆಡಿಸುತ್ತಿದ್ದವು. ಬಾಯಂಚಿನಲ್ಲಿ ಕಂದು ನೀರು. ಚಿಕ್ಕಂದಿನಲ್ಲಿ ಒಮ್ಮೆ ಪಕ್ಕದ ಹೊಲದವರು ತರಕಾರಿಗೆ ಔಷಧಿ ಹೊಡೆದ ವಾರ ನಮ್ಮ ಹುಳ ಹೀಗೆಯೇ ಮಾಡಿದ್ದವು, ಆಮೇಲೆ ಒಂದೂ ಉಳಿದಿರಲಿಲ್ಲ. ಇದು ಯಾವ ತೋಟದ ಸೊಪ್ಪು ಎಂದು ಕೇಳಿದೆ. ಹಿಂದಿನ ದಿನದಿಂದ ಕೆಳಗಿನ ತೋಟದ್ದು ಕುಯ್ಯುತ್ತಿದ್ದೇವೆ, ಈ ಸಲ ಗೋಡು ಹೊಡೆಸಿದ ಮೇಲೆ ಎಲೆ ಅಂಗೈ ಅಗಲ ಬಂದಿದೆ ಎಂದು ದೊಡ್ಡಲಕ್ಷ್ಮಮ್ಮ ಹೆಮ್ಮೆಯಿಂದ ಹೇಳಿದರು.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ತಳದ ಗೋಡು ಮಣ್ಣನ್ನು ಟ್ರಾಕ್ಟರಿನಲ್ಲಿ ಹೇರಿ ತಂದು ತೋಟಕ್ಕೆ ಹರಡುವುದು ನಮ್ಮ ಕಡೆ ಅಜ್ಜನ ಕಾಲದ ಪದ್ಧತಿ. ಅದರ ಮುಂದೆ ಯಾವ ಗೊಬ್ಬರವೂ ಇಲ್ಲ. ಕೆಳಗಿನ ತೋಟಕ್ಕೆ ಇಳಿದು ನೋಡಿದೆ. ಕೆಂಪು ನೆಲದ ಮೇಲೆ ಗೇಣು ದಪ್ಪ ಕಪ್ಪು ಮಣ್ಣು, ನುಣುಪಾಗಿ, ನಾನು ಎರಡು ತಿಂಗಳು ಬೂಟಿನಲ್ಲಿ ತುಳಿದಂಥದ್ದೇ.

"ನಾವು ಅಗೆಯೋ ಕೆಲ್ಸನೇ ಇರ್ನಿಲ್ಲ ಕಣವ್ವ" ಎಂದರು ದೊಡ್ಡಲಕ್ಷ್ಮಮ್ಮ. "ನಿಮ್ ಲಾರಿಯೋರೇ ಕೆರೆ ಅಂಗಳದಲ್ಲಿ ಎಂಟು ಲೋಡು ಸುರ್ದು ಹೋಗಿದ್ರು. ಸರ್ಕಾರದೋರು ಕೊಟ್ಟವ್ರೆ ಅಂತ ನಾಗರಾಜು ಹೇರ್ಕೊಂಡು ಬಂದ."

ಎಂಟು. ಐಸ್‌ಕ್ರೀಮಿನ ಕಪ್ಪು ಹಿಡಿದು ತಣ್ಣಗಾಗಿದ್ದ ಬೆರಳು ನೆನಪಾಯಿತು. ಮಣ್ಣನ್ನೂ ಸೊಪ್ಪನ್ನೂ ಚೀಲಕ್ಕೆ ತುಂಬಿಕೊಂಡು, ಈ ತೋಟದ ಸೊಪ್ಪನ್ನು ಸದ್ಯಕ್ಕೆ ಹಾಕಬೇಡಿ ಎಂದೆ. ಯಾಕೆ ಎಂದು ಕೇಳಿದರು. ಸುಮ್ಮನೆ, ಒಂದು ಪರೀಕ್ಷೆ ಮಾಡಬೇಕು ಎಂದೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ ದಿನಕ್ಕೆ ಮೂರು ಹೊತ್ತು ಹೊರೆಗಟ್ಟಲೆ ಸೊಪ್ಪು ಬೇಕು. ಸುಮ್ಮನೆ ಎಂದರೆ ಯಾರು ನಿಲ್ಲಿಸುತ್ತಾರೆ?

ಮೂರು ವಾರಕ್ಕೆ ಲ್ಯಾಬಿನ ವರದಿ ಬಂತು. ಮಣ್ಣಿನಲ್ಲೂ ವಿಷ, ಎಲೆಯಲ್ಲೂ ವಿಷ, ಗುಂಡಿಯಲ್ಲಿ ಸಿಕ್ಕಿದ್ದೇ. ಮನೋಹರನಿಗೆ ಫೋನು ಮಾಡಿದರೆ, ಆ ದಿನಗಳಲ್ಲಿ ಕಸ ಹೂಳುವ ಜಾಗದಲ್ಲಿ ಲಾರಿ ಸಾಲು ಉದ್ದ ಇತ್ತು, ಡ್ರೈವರ್‌ಗಳು ಕಾಯಲು ಒಪ್ಪಲಿಲ್ಲ, ಒಸಿ ಅಡ್ಜಸ್ಟ್ ಮಾಡಿಕೊಂಡೆ ಎಂದ. ಹಾಲಿಗೆ ನೀರು ಬೆರೆಸಿದ್ದನ್ನು ಹೇಳುವವನ ಹಾಗೆ ಹೇಳಿದ. ಎಲ್ಲವನ್ನೂ ಮೂರು ಪುಟದ ವರದಿಯಾಗಿ ಬರೆದು, ಟೈಪ್ ಮಾಡಿಸಿ, ಮೇಲಧಿಕಾರಿ ಅಶೋಕ್ ಅವರ ಮುಂದಿಟ್ಟೆ. ಅವರು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿದರು.

"ಕಳಿಸಿ ಮೇಡಂ, ಬೇಡ ಅನ್ನಲ್ಲ. ಆದರೆ ಆ ಎಂಟು ಚೀಟಿ ಮೇಲಿರೋದು ಮನೋಹರನ ರುಜು ಅಲ್ಲ."

ಕಳಿಸಬೇಕೋ ಬೇಡವೋ ಎಂದು ಕೇಳಿದರೆ, ನಿಮ್ಮ ಮನಸ್ಸಾಕ್ಷಿಗೆ ಬಿಟ್ಟದ್ದು ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮ ಆಫೀಸಿಗೆ ಅವರೇ ತಜ್ಞರು. ವರದಿಯನ್ನು ವಾಪಸು ಬ್ಯಾಗಿಗೆ ಹಾಕಿಕೊಂಡೆ. ಅದರ ಕೊನೆಯ ಪುಟದಲ್ಲಿ ನನ್ನ ಹೆಸರಿತ್ತು, ಹೆಸರಿನ ಮೇಲಿನ ಜಾಗ ಖಾಲಿ ಇತ್ತು.

ಅದೇ ವಾರ ನಾಗರಾಜು, ತೋಟದ ನೀರಿನ ಫಲಿತಾಂಶ ಬಂತೇ ಎಂದು ಫೋನು ಮಾಡಿದ. ನಾನು ಬಂದುಹೋದ ಮೂರನೇ ದಿನಕ್ಕೆ ಹುಳವೆಲ್ಲ ಸತ್ತು, ಬುಟ್ಟಿಗಳಲ್ಲಿ ತುಂಬಿ ಗುಂಡಿಗೆ ಹಾಕಿದರಂತೆ. ನೀರಿಗೆ ಏನೂ ಆಗಿಲ್ಲ ಎಂದೆ. ನಿಜವಾಗಿಯೂ ನೀರಿಗೆ ಏನೂ ಆಗಿರಲಿಲ್ಲ. ಹಾಗಾದರೆ ಸರಿ, ತಪ್ಪು ಮನೆಯಲ್ಲೇ ಆಗಿದೆ ಬಿಡಿ ಎಂದ. ಮೈಲಿಗೆಯ ದಿನ ಹುಳಮನೆಗೆ ಹೋದವರು ಯಾರು ಎಂದು ಅವನ ತಾಯಿ ಹಿಡಿದು ಕೂತಿದ್ದಕ್ಕೆ ಕೊನೆಗೆ ಭಾನುಪ್ರಿಯ ತಾನೇ ಎಂದು ಒಪ್ಪಿಕೊಂಡಳಂತೆ. ಈಗ ಅವಳನ್ನು ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಹಾಕಿದ್ದಾರೆ; ಮುಂದಿನ ಸೋಮವಾರ ತವರಿಗೆ, ವಿರೂಪಾಕ್ಷಿಪುರಕ್ಕೆ ಬಿಟ್ಟುಬರುವುದು. ಮತ್ತೆ ಯಾವಾಗ ಕರೆತರುತ್ತೀರಿ ಎಂದು ಕೇಳಿದೆ. ಹುಳಮನೆಗೆ ಸುಣ್ಣ ಬಳಿಯುವುದಿದೆ ಎಂದು ಅವನು ಫೋನು ಇಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರೆ ಎಂಬುದನ್ನು ಗಾದೆಯಲ್ಲಿ ಕೇಳಿದ್ದೆ. ಬರೆ ಹಾಕುವ ಕಬ್ಬಿಣ ಕಾಯಿಸಿಕೊಟ್ಟವಳು ನಾನು.

ಸೋಮವಾರ ಬೆಳಿಗ್ಗೆಯೇ ಜೀಪು ತೆಗೆಸಿಕೊಂಡು ಹೋದೆ. ಹೇಳಿಬಿಡಬೇಕು, ಆದದ್ದಾಗಲಿ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಭಾನುಪ್ರಿಯ ಕೊಟ್ಟಿಗೆಯ ಹತ್ತಿರ ತೊಟ್ಟಿಯ ಬಳಿ ನಿಂತಿದ್ದಳು. ತಲೆ ಬಾಚಿ, ಹೊರಡುವ ಸೀರೆ ಉಟ್ಟಿದ್ದಳು. ಕಾಲ ಬಳಿ ಬಟ್ಟೆಯ ಬ್ಯಾಗು. ತಾನೇ ಎಂದು ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ.

"ನಾನು ಒಳೀಕೆ ಹೋಗೇ ಇರ್ನಿಲ್ಲ ಮೇಡಂ" ಎಂದಳು, ಯಾರದ್ದೋ ವಿಷಯ ಹೇಳುವವಳಂತೆ. "ಮೂರು ದಿನ ಊಟಕ್ಕೂ ಏಳ್ದೆ ಕೇಳುದ್ರು. ಯಾರಾದ್ರೂ ಒಬ್ರು ಒಪ್ಕಬೇಕಿತ್ತಲ್ಲ."

ಜಗಲಿಯ ಮೇಲೆ ದೊಡ್ಡಲಕ್ಷ್ಮಮ್ಮನ ಎದುರು ಕೂತು ನಾನು ಹೇಳಿದೆ. ಅದು ಗೋಡಲ್ಲ, ಕಾರ್ಖಾನೆಯ ಗುಂಡಿಯ ಮಣ್ಣು. ಎಲೆಗೆ ವಿಷ ಏರಿದೆ. ನಿಮ್ಮ ಹುಳ ಸತ್ತದ್ದು ಅದರಿಂದ, ಸೊಸೆಯಿಂದಲ್ಲ. ಆಕೆ ಸಿಟ್ಟಾಗಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆಯನ್ನು ಉಗಿದು ಬಂದು ಕೂತರು.

"ಹಂಗಂತ ಬರ್ಕೊಡಿ."

ನಾನು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡೆ.

"ಆ ಬೋರ್ಡಲ್ಲಿ ಶುದ್ಧ ಅಂತ ಬರ್ಸಿರೋರೂ ನೀವೇ. ಈಗ ಬಾಯಲ್ಲಿ ವಿಷ ಅಂತಿರೋರೂ ನೀವೇ. ನಾನು ಓದ್ದೋಳಲ್ಲ. ಯಾವ್ದ ನಂಬ್ಲಿ ಯೋಳಿ."

ಬ್ಯಾಗು ನನ್ನ ತೊಡೆಯ ಮೇಲೇ ಇತ್ತು. ವರದಿ ಅದರೊಳಗೆ. ಒಂದು ರುಜು ಹಾಕಿ ಕೈಗೆ ಕೊಟ್ಟರೆ ಮುಗಿಯುತ್ತಿತ್ತು. ಮೂವತ್ತೆಂಟು ಸಲ ಯೋಚನೆಯೇ ಮಾಡದೆ ಹಾಕಿದ ರುಜು. ಆದರೆ ಸಸ್ಪೆಂಡ್ ಆದ ಸುದ್ದಿ ಪೇಪರಿನಲ್ಲಿ ಬರುವುದು, ಸಾತನೂರಿನ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಯಾರೋ ಅವ್ವನಿಗೆ ಓದಿ ಹೇಳುವುದು, ಎಲ್ಲ ಕಣ್ಣಿಗೆ ಕಟ್ಟಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಅಸಹ್ಯವಾದರೂ ಕೈ ಜಿಪ್ಪಿಗೆ ಹೋಗಲಿಲ್ಲ. ಅಂಗಳದಲ್ಲಿ ನಾಗರಾಜು ಬೈಕು ಹೊರಗೆ ತಂದು, ಹೆಂಡತಿಯ ಬ್ಯಾಗನ್ನು ಅದಕ್ಕೆ ಕಟ್ಟುತ್ತಿದ್ದ.

ಆಗ ಬಾಯಿಗೆ ಬಂದದ್ದು ಇನ್ನೊಂದು.

"ಅವತ್ತು ನಾನು ಹೊರಗಾಗಿದ್ದೆ ಕಣವ್ವ. ನಿಮಗೆ ಸುಳ್ಳು ಹೇಳಿ ಒಳಗೆ ಹೋದೆ."

ದೊಡ್ಡಲಕ್ಷ್ಮಮ್ಮ ನನ್ನನ್ನೇ ನೋಡಿದರು. ಬರೆದುಕೊಡಿ ಎನ್ನಲಿಲ್ಲ. ಸಾಕ್ಷಿ ಕೇಳಲಿಲ್ಲ. ಮೂರು ಪುಟದ ವಿಜ್ಞಾನವನ್ನು ನಂಬದ ಆಕೆ ಈ ಒಂದು ಮಾತನ್ನು ಆ ಕ್ಷಣವೇ ನಂಬಿದರು. ಓದಿದವರು ಹೀಗೆ ಮಾಡಬಹುದೇ ಎಂದು ಸ್ವಲ್ಪ ಹೊತ್ತು ಬೈದರು, ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಆಮೇಲೆ ಅವರ ಮುಖ ಸಡಿಲವಾಯಿತು. ಒಪ್ಪಿಕೊಂಡಿರಲ್ಲ, ಅದೇ ದೊಡ್ಡದು ಎಂದರು. ಮಾರಮ್ಮನಿಗೆ ಒಂದು ತೆಂಗಿನಕಾಯಿ ಒಡೆಸಿಬಿಡಿ ಎಂದರು. ಸೊಸೆಗೆ, ತಲೆಗೆ ನೀರು ಹಾಕಿಕೊಂಡು ಒಳಗೆ ಬಂದು ಮೇಡಮ್ಮನವರಿಗೆ ಕಾಫಿ ಕಾಯಿಸು ಎಂದು ಕೂಗಿ ಹೇಳಿದರು. ನಾಗರಾಜು ಬೈಕಿನಿಂದ ಬ್ಯಾಗು ಬಿಚ್ಚಿದ. ಹಗ್ಗದ ಗಂಟು ಗಟ್ಟಿಯಾಗಿತ್ತು, ಹಲ್ಲಿನಲ್ಲಿ ಕಚ್ಚಿ ಬಿಚ್ಚಿದ.

ಕಾಫಿ ಬರುವ ತನಕ ದೊಡ್ಡಲಕ್ಷ್ಮಮ್ಮ ಮುಂದಿನ ಬೆಳೆಯ ವಿಚಾರ ಮಾತಾಡಿದರು. ಶುಕ್ರವಾರ ಮರಿಹುಳ ತರುತ್ತಾರಂತೆ. ಹುಳಮನೆಗೆ ಸುಣ್ಣ ಬಳಿದಾಗಿದೆ. ಕೆಳಗಿನ ತೋಟದ ಸೊಪ್ಪು ಮಳೆಗೆ ಮತ್ತೆ ಚಿಗುರಿ ಸೊಂಟದೆತ್ತರ ಬಂದಿದೆ. ಅದನ್ನು ಮಾತ್ರ ಹಾಕಬೇಡಿ ಎಂದು ಮತ್ತೆ ಹೇಳಿದೆ, ಕೈ ಮುಗಿದು ಹೇಳಿದೆ. ಆಕೆ ನಕ್ಕು ನನ್ನ ಮಂಡಿ ತಟ್ಟಿದರು. ಯಾರದ್ದು ತಪ್ಪು ಎಂದು ಗೊತ್ತಾಯಿತಲ್ಲ, ಇನ್ನು ಭಯವಿಲ್ಲ ಎಂದರು.

ಭಾನುಪ್ರಿಯ ಕಾಫಿಯ ಲೋಟ ಹಿಡಿದು ಜೀಪಿನ ತನಕ ಬಂದಳು, ನಾನು ಕುಡಿಯುವ ತನಕ ನಿಂತಳು. ಒದ್ದೆ ಕೂದಲಿಗೆ ಟವೆಲ್ಲು ಸುತ್ತಿದ್ದಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದು ಹೆದರಿದೆ. ಹೇಳಲಿಲ್ಲ.

"ಜಗಲೀಲಿ ನೀವು ಯೋಳಿದ್ದು ಕೇಳುಸ್ಕೊಂಡೆ. ಮಣ್ಣು ದಿಟವಾಗ್ಲೂ ಕೆಟ್ಟದ್ದಾ?"

ಹೌದು ಎಂದೆ.

"ಹಂಗಾರೆ ಈ ಬೆಳೆನೂ ಹೋಯ್ತದೆ."

ನಾನು ಲೋಟದ ತಳ ನೋಡುತ್ತಿದ್ದೆ.

"ಆಗ ಒಪ್ಕಳಾಕೆ ನೀವು ಇರಾಕಿಲ್ವಲ್ಲ ಮೇಡಂ" ಎಂದಳು.

ಲೋಟ ಇಸಿದುಕೊಂಡು ಒಳಗೆ ಹೋದಳು. ಡ್ರೈವರ್, ಹೊರಡೋಣವೇ ಎಂದು ಕೇಳಿದ. ಬ್ಯಾಗು ತೊಡೆಯ ಮೇಲಿತ್ತು, ಪೆನ್ನೂ ಅದರಲ್ಲೇ ಇತ್ತು. ಹೊರಡು ಎಂದೆ.