ಪಕ್ಕದಲ್ಲಿ ಯಾರೋ ಇದ್ದಾರೆ

ಆ ಕೋಣೆಯಲ್ಲಿ ಎರಡು ಕುರ್ಚಿಗಳು ಎದುರುಬದುರಾಗಿರದೆ, ಬಸ್ಸಿನ ಸೀಟುಗಳ ಹಾಗೆ ಪಕ್ಕಪಕ್ಕದಲ್ಲಿ ಕಿಟಕಿಗೆ ಮುಖಮಾಡಿ ಇದ್ದವು. ಮುಖ ನೋಡಿಕೊಂಡು ಹೇಳಲಾಗದ್ದನ್ನು ಜನ ಹೊರಗಿನ ಮರ ನೋಡಿಕೊಂಡು ಹೇಳಿಬಿಡುವುದನ್ನು ಆಪ್ತಸಮಾಲೋಚಕಿ ಎಷ್ಟೋ ಸಲ ಕಂಡಿದ್ದಳು. ಬಂದವರ ಬಾಯಿ ಬಿಡಿಸಲು ಅವಳು ಹೋಗುತ್ತಿರಲಿಲ್ಲ.

ಹಾಸಿಗೆ ಹೊಲಿಯುವ ಒಬ್ಬನನ್ನು ಅಲ್ಲಿಗೆ ಎಳೆದು ತಂದವಳು ಅವನ ಅಕ್ಕ.

"ಊರಿಗೆಲ್ಲ ಹಾಸಿಗೆ ಹೊಲಿದು ಕೊಡ್ತಾನೆ ಮೇಡಂ, ತಾನು ಮಾತ್ರ ರಾತ್ರಿಯೆಲ್ಲ ನಿದ್ದೆ ಮಾಡ್ದೆ ಗೂಬೆ ಹಾಗೆ ಕೂತಿರ್ತಾನೆ. ಅಮ್ಮ ಹೋದಾಗಿನಿಂದ ಇದೇ ಕಥೆ. ನೀವೇ ಸ್ವಲ್ಪ ಬುದ್ಧಿ ಹೇಳಿ."

"ಬುದ್ಧಿ ಹೇಳೋಕೆ ನಂಗೆ ಬರಲ್ಲ, ಸುಮ್ನೆ ಕೂತಿರೋಕೆ ಬರುತ್ತೆ," ಎಂದು ಸಮಾಲೋಚಕಿ ನಕ್ಕಳು. ಅಕ್ಕ ಗೊಣಗುತ್ತಲೇ ಹೊರಗೆ ಹೋಗಿ ಕೂತಳು.

ಮಧ್ಯಾಹ್ನದ ಬೆಳಕು ಪರದೆಯ ಮೂಲಕ ಸೋಸಿ ಬಂದು ನೆಲದ ಮೇಲೆ ನೀರಿನ ಹಾಗೆ ತುಳುಕುತ್ತಿತ್ತು. ಅವನು ಕಿಟಕಿಗೆ ಹೇಳುವವನಂತೆ ಹೇಳಿದ.

"ಅಮ್ಮನ್ನ ಹಗಲೂ ರಾತ್ರಿ ನಾನೇ ನೋಡ್ಕೊತಿದ್ದೆ. ಒಂದು ಮಧ್ಯಾಹ್ನ ಅವಳ ಪಕ್ಕದಲ್ಲೇ ಜೋಂಪು ಹತ್ತಿತು. ಎದ್ದು ನೋಡ್ತೀನಿ, ಕೈ ತಣ್ಣಗಾಗಿತ್ತು. ಈಗ ಕಣ್ಣು ಮುಚ್ಚಿದ್ರೆ ಸಾಕು, ಯಾರೋ ಹೋಗಿಬಿಡ್ತಾರೆ ಅನ್ಸುತ್ತೆ."

ನಿಮ್ಮದೇನೂ ತಪ್ಪಿಲ್ಲ ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂತು. ಅಕ್ಕ ಅದನ್ನು ಹೇಳಿ ಹೇಳಿ ಸವೆಸಿರುತ್ತಾಳೆ ಎಂದುಕೊಂಡು ನುಂಗಿದಳು.

"ಇಲ್ಲಿ ಒಂದು ಸಲ ಮುಚ್ಚಿ ನೋಡ್ತೀರಾ? ನಾನು ಎಲ್ಲಿಗೂ ಹೋಗಲ್ಲ. ಕಣ್ಣು ಬಿಟ್ಟಾಗ ಇಲ್ಲೇ ಇರ್ತೀನಿ."

ಅವನು ಮುಚ್ಚಿದ, ತಕ್ಷಣ ತೆರೆದ. ಅವಳು ಇದ್ದಳು. ಮತ್ತೆ ಮುಚ್ಚಿದ. ಮುಂದಿನ ವಾರಗಳಲ್ಲಿ ಮುಚ್ಚಿದ ಕಣ್ಣು ತೆರೆಯುವುದು ತಡವಾಗುತ್ತ ಹೋಯಿತು. ಒಂದು ದಿನ ಅಕ್ಕ ಬಾಗಿಲಲ್ಲಿ ಇಣುಕಿ, "ಅಲ್ಲಾ, ಗೊರಕೆ ಹೊಡೆಯೋಕೆ ಇಷ್ಟು ದೂರ ಬರ್ಬೇಕಿತ್ತಾ?" ಎಂದು ಬೆರಗಾದಳು. ಸಮಾಲೋಚಕಿ ತುಟಿಯ ಮೇಲೆ ಬೆರಳಿಟ್ಟಳು.

ಆದರೆ ಮನೆಯಲ್ಲಿ ಅವನು ಇನ್ನೂ ನಿದ್ರಿಸುತ್ತಿರಲಿಲ್ಲ. ನಾನೇ ಇವನಿಗೆ ಊರುಗೋಲಾಗಿಬಿಟ್ಟೆನೇ ಎಂಬ ಅಳುಕು ಅವಳನ್ನು ಕೊರೆಯತೊಡಗಿತು.

ಆ ವಾರ ಅವಳ ಮೊಮ್ಮಗುವಿಗೆ ಹಲ್ಲು ಬರುತ್ತಿತ್ತು. ಮಗಳೂ ಅವಳೂ ರಾತ್ರಿಯೆಲ್ಲ ಸರದಿಯ ಮೇಲೆ ಮಗುವನ್ನು ಎತ್ತಿಕೊಂಡು ಓಡಾಡಿದ್ದರು. ಅಂದು ಕೋಣೆಯಲ್ಲಿ, ಕುರ್ಚಿಯಲ್ಲೇ ನಿದ್ದೆಹೋಗಿದ್ದ ಅವನ ಉಸಿರು ಪಕ್ಕದಲ್ಲಿ ಏರಿಳಿಯುವುದನ್ನು ಕೇಳುತ್ತ ಕೇಳುತ್ತ ಅವಳ ರೆಪ್ಪೆ ಭಾರವಾಯಿತು. ಕನಸಿನಲ್ಲಿ ಯಾವುದೋ ದೊಡ್ಡ ಮನೆ. ಯಾರೋ ಬರಿಗಾಲಲ್ಲಿ ನಡೆಯುತ್ತ ಒಂದೊಂದೇ ಕಿಟಕಿ ಮುಚ್ಚುತ್ತಿದ್ದರು. ಯಾರೆಂದು ಕೇಳಬೇಕೆನಿಸಲಿಲ್ಲ. ಅವರ ಹೆಜ್ಜೆಯ ಸದ್ದೇ ಹೊದಿಕೆಯಂತೆ ಬೆಚ್ಚಗಿತ್ತು.

ಎಚ್ಚರವಾದಾಗ ಅವಳ ಮುಖಕ್ಕೆ ಬಿಸಿಲು ಬೀಳದ ಹಾಗೆ ಪರದೆ ಎಳೆದಿತ್ತು. ಅವನು ನೆಟ್ಟಗೆ ಕೂತು ಅವಳನ್ನೇ ನೋಡುತ್ತಿದ್ದ.

"ಅಯ್ಯೋ, ಕ್ಷಮಿಸಿ! ನಾನು..."

"ಎದ್ದ ತಕ್ಷಣ ಎದೆ ಧಸಕ್ ಅಂತು ಮೇಡಂ. ಆಮೇಲೆ ನಿಮ್ಮ ಉಸಿರು ಕೇಳಿಸ್ತು. ಕೇಳ್ತಾ ಕೂತೆ." ಅವನೇ ಕೇಳಿದ: "ಬೇರೆಯವರ ಮುಂದೆ ನಿಮಗೆ ನಿದ್ದೆ ಹೇಗೆ ಬಂತು?"

ನಾಚಿಕೆಯಿಂದ ಅವಳ ಕಿವಿ ಬಿಸಿಯಾಗಿತ್ತು. ಆದರೂ ಇದ್ದದ್ದನ್ನೇ ಹೇಳಿದಳು. "ಪಕ್ಕದಲ್ಲಿ ನೀವಿದ್ರಲ್ಲ. ನೆಮ್ಮದಿ ಅನ್ನಿಸ್ತು."

ಅವನು ಅವಳತ್ತ ಬಾಗಿ ಕೇಳಿದ. "ಅಮ್ಮನಿಗೂ ಹಾಗೇ ಅನ್ನಿಸಿತ್ತಾ? ನಾನು ಪಕ್ಕದಲ್ಲಿದೀನಿ ಅಂತ ಗೊತ್ತಿತ್ತಾ ಅವಳಿಗೆ?"

ಹೌದು ಎಂದುಬಿಡುವುದು ಸುಲಭವಿತ್ತು. "ನಂಗೊತ್ತಿಲ್ಲ," ಎಂದಳು ಮೆಲ್ಲಗೆ. "ಇರಬಹುದು."

ಅವನು ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅವಳು ಪಕ್ಕದಲ್ಲೇ ಇದ್ದಳು.

ಮುಂದಿನ ವಾರ ಅಕ್ಕ ಬಾಗಿಲಿನಿಂದಲೇ ಸುದ್ದಿ ಹೇಳಿದಳು: "ಮೂರು ರಾತ್ರಿ ಮಲಗಿದ್ದಾನೆ ಮೇಡಂ! ಎಲ್ಲಾ ರಾತ್ರಿ ಅಲ್ಲ. ಆದ್ರೂ ಮೂರು!"

ಅವನು ಈ ಸಲ ಕಣ್ಣು ಮುಚ್ಚಲಿಲ್ಲ. "ಕೊನೆಕೊನೆಗೆ ಅಮ್ಮ ನನ್ನನ್ನೇ ತನ್ನ ಅಣ್ಣ ಅಂದ್ಕೊಂಡಿದ್ಲು," ಎಂದ. "ಅಣ್ಣಾ, ಉಯ್ಯಾಲೆ ಕಟ್ಟಿಕೊಡೋ ಅಂತ ದಿನಾ ಪೀಡಿಸ್ತಿದ್ಲು. ನಾಳೆ ಕಟ್ತೀನಮ್ಮಾ ಅಂತಿದ್ದೆ."

"ಎಂಥ ಉಯ್ಯಾಲೆ?"

ಅವನು ಕೈ ಅಗಲಿಸಿ ಹಲಗೆಯ ಅಳತೆ ತೋರಿಸತೊಡಗಿದ. ಹೊರಗೆ ಹೋಗಬೇಕಿದ್ದ ಅಕ್ಕ ಅಲ್ಲೇ ನಿಂತುಬಿಟ್ಟಳು. "ಇದನ್ನ ನಂಗೆ ಹೇಳೇ ಇಲ್ವಲ್ಲೋ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. ಒಳಗೆ ಬರಲೇ ಎಂಬಂತೆ ತಮ್ಮನ ಮುಖ ನೋಡಿದಳು. ಅವನು ಬಾ ಎಂದು ತಲೆಯಾಡಿಸಿದ. ಅಕ್ಕ ಚಪ್ಪಲಿ ಕಳಚಿ ಬಂದು ಅವನ ಕಾಲ ಬಳಿ ನೆಲದ ಮೇಲೆ ಕೂತಳು.

"ಹಗ್ಗ ಯಾವುದು ಬೇಕಿತ್ತಂತೆ ಅಮ್ಮಂಗೆ? ಅದನ್ನೂ ಹೇಳು," ಎಂದಳು.