ಹರಿಗೋಲು ಹೊತ್ತು ಬಂದ ದಾರಿ

ನಮ್ಮವರ ತಲೆಗೆ ಏನಾದರೂ ಹೊಕ್ಕಿತೆಂದರೆ ಅದರ ಭಾರ ಬೀಳುವುದು ನನ್ನ ಸೊಂಟದ ಮೇಲೆ. ದೊಡ್ಡ ಯುದ್ಧ ಮುಗಿದ ಮರುವರ್ಷ, ಸ್ಟೇಷನ್ ರಸ್ತೆಯ ಲಿಲಾವಿನಲ್ಲಿ ಸವಾಲು ಕೂಗಿ ದಂಡಿನವರ ಹಳೆಯ ಖಾಕಿ ಡೇರೆಯೊಂದನ್ನು ಕೊಂಡು ತಂದರು. ತಾಮ್ರದ ಕೊಡ ಮಾರುವ ಮನುಷ್ಯನಿಗೆ ಡೇರೆ ಯಾಕೆಂದು ಕೇಳಿದೆ.

"ಸಾಹೇಬ್ರು ಹೊಳಿಯಾಗ ಸುತ್ತಾಡಿ, ದಂಡಿ ಮ್ಯಾಲ ಡೇರೆ ಹೊಡದು ಮಜಾ ಮಾಡ್ತಾರ. ನಾವೇನ್ ಕಡಿಮಿ?" ಅಂದರು.

ಸಂಕ್ರಮಣದ ಹಬ್ಬ ಮಾಡಿ ನಾನು ನೆಲ ಹಿಡಿದಿದ್ದೆ. ಬೇಡವೆನ್ನಲು ಬಾಯಿ ತೆರೆದಿದ್ದೆ ಕೂಡ. ಆದರೆ ಬಬಲೇಶ್ವರ ದಾಟಿ ಕೃಷ್ಣೆಗೆ ಹೋಗುವುದೆಂದು ಕೇಳಿ ಮುಚ್ಚಿಕೊಂಡೆ. ಆ ಹೊಳೆಯ ದಂಡೆಯಲ್ಲೇ ನನ್ನ ತವರು.

ತವರಿನ ಮುಖ ನೋಡಿ ಏಳು ವರ್ಷವಾಗಿತ್ತು. ತಮ್ಮನ ಮದುವೆಯಲ್ಲಿ ಹಿರಿಯ ಅಳಿಯನಾದ ಇವರನ್ನು ಬಿಟ್ಟು ಕಿರಿಯ ಅಳಿಯನ ತಲೆಗೆ ಮೊದಲು ಪಟಗ ಸುತ್ತಿದರು. ಅಷ್ಟೇ! "ಈ ಮನಿ ಹೊಸ್ತಿಲಾ ಇನ್ನ ತುಳಿಯೂದಿಲ್ಲ" ಎಂದು ಎದ್ದು ಬಂದವರು ನನ್ನನ್ನೂ ಕಳಿಸಲಿಲ್ಲ. ಸಂತೆಗೆ ಬಂದವರ ಕೈಯಲ್ಲಿ ಅವ್ವ ಹೇಳಿ ಕಳಿಸುತ್ತಲೇ ಇದ್ದಳು, ಕಣ್ಣು ಮುಚ್ಚುವುದರೊಳಗೆ ಮಗಳು ಕಾಶಿಯ ಮುಖವನ್ನೊಮ್ಮೆ ತೋರಿಸಿರಿ ಎಂದು.

ಹೊಳೆಯ ದಂಡೆಗೆ ಬಂದು, ಮರೆಪ್ಪನೆಂಬ ಅಂಬಿಗನ ಹರಿಗೋಲು ಗೊತ್ತು ಮಾಡಿದೆವು. ಹತ್ತುವ ಮೊದಲೇ ಇವರು ಅವನಿಗೆ ತಾಕೀತು ಮಾಡಿದರು.

"ಈಕಿ ತವರೂರ ಘಾಟ ಬಂದ್ರ ಹರಗೋಲ ನಿಲ್ಲಸಬಾರ್ದು. ತಿಳೀತಿಲ್ಲ?"

"ಆತ್ರಿ ಸಾವಕಾರ್ರ. ತಿರಗಿ ಬರೂದು ಹೆಂಗ್ರಿ?"

"ಹೆಂಗ ಅಂದ್ರ? ಹುಟ್ಟ ಹಾಕ್ಕೊಂತ ಹೋಗೂದು, ಹುಟ್ಟ ಹಾಕ್ಕೊಂತ ಬರೂದು."

ಬಾವಿ ಬಾವಡಿಯ ನೀರು ಕುಡಿದು ಬೆಳೆದವರಿಗೆ ಹೊಳೆಯ ರೀತಿ ಏನು ಗೊತ್ತು? ಬಿದಿರು ಹೆಣೆದು ತೊಗಲು ಹೊದಿಸಿದ ದುಂಡನೆಯ ಬುಟ್ಟಿ ಅದು. ನೀರು ಒಯ್ದತ್ತ ಹೋಗುತ್ತದೆ, ನೀರಿಗೆ ಎದುರಾಗಿ ಬರಲಾರದು. ನೀರಿನ ಜೊತೆ ಕೆಳಕ್ಕೆ ಇಳಿದುಹೋದ ಅಂಬಿಗರು ಅದನ್ನು ತಲೆಯ ಮೇಲೆ ಹೊತ್ತು ದಂಡೆಗುಂಟ ನಡೆದು ಬರುವುದನ್ನು ನೋಡುತ್ತಲೇ ನಾನು ಬೆಳೆದವಳು. ಆ ಕಾಲುದಾರಿ ನಮ್ಮ ಮನೆಯ ಮುಂದೆಯೇ ಹಾಯುತ್ತದೆ.

ಮರೆಪ್ಪ ನನ್ನ ಮುಖ ನೋಡಿದ. ನಾನು ಸೆರಗು ಸರಿಮಾಡುವ ನೆವದಲ್ಲಿ ತುಟಿಯ ಮೇಲೆ ಬೆರಳಿಟ್ಟೆ. ಅವನೂ ಹೆಣ್ಣುಮಕ್ಕಳ ತಂದೆ, ಸುಮ್ಮನಾದ.

ಮಜಾ ಎಲ್ಲ ಇವರದು. ನನಗೆ ಸಿಕ್ಕಿದ್ದು ಉಸುಕಿನ ದಿಬ್ಬದಲ್ಲಿ ಮೂರು ಕಲ್ಲು, ಹಸಿ ಕಟ್ಟಿಗೆ, ಕಣ್ಣ ತುಂಬ ಹೊಗೆ. ಮನೆಯಲ್ಲಿ ಬಡಿಯುವ ರೊಟ್ಟಿಯನ್ನೇ ಇಲ್ಲಿ ಗಾಳಿಗೆ ಬೆನ್ನು ಕೊಟ್ಟು ಬಡಿದೆ. ಝುಣಕದಲ್ಲಿ ಉಸುಕು ಬಂತೆಂದು ಬೈಸಿಕೊಂಡೆ. ಡೇರೆಯ ತೂತಿನಿಂದ ಥಂಡಿ ಇಳಿದು ಬೆನ್ನು ಹಿಡಿಯಿತು.

ಮರುದಿನ ಮುಂಜಾನೆ ತವರಿನ ಘಾಟ ಬಂತು. ಅದೇ ಬೇವಿನ ಮರ, ಅದರಾಚೆ ನಮ್ಮ ಮಾಳಿಗೆ. ಅರಿವೆ ಒಗೆಯುವ ಹೆಂಗಸರ ನಡುವೆ ಒಬ್ಬ ಮುದುಕಿ ನೆಟ್ಟಗಾಗಿ, ಹಣೆಗೆ ಕೈ ಹಿಡಿದು ನೋಡಿದಳು. ಅವ್ವನೋ ಅಲ್ಲವೋ ಗುರುತು ಹಿಡಿಯುವುದರೊಳಗೆ ಹರಿಗೋಲು ತಿರುಗಿಬಿಟ್ಟಿತು. ಅದು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಘಾಟ ಹಿಂದೆ ಬಿದ್ದಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಇವರು ಆಚೆ ದಂಡೆಯತ್ತ ಕೈ ತೋರಿಸಿ, "ಕೊಕ್ಕರಿ ನೋಡ, ಎಷ್ಟ ಅದಾವ" ಅಂದರು.

ಮೂರನೆಯ ದಿನ ಹಿಟ್ಟು ಮುಗಿಯಿತು. "ಹಿಂದಕ್ಕ ಹೊಳ್ಳಸೋ ಮರೆಪ್ಪ" ಎಂದರು. ಅವನು ಹರಿಗೋಲನ್ನು ದಂಡೆಗೆ ಎಳೆದು, ಬೋರಲು ಹಾಕಿ, ತಲೆಯ ಮೇಲೆ ಎತ್ತಿಕೊಂಡ.

"ನಡೀರಿ ಸಾವಕಾರ್ರ."

ಗಾಡಿಗಾಗಿ ಊರೂರು ಕೇಳಿದರು. ಸುಗ್ಗಿಯ ದಿನ, ಎತ್ತುಗಳೆಲ್ಲ ಕಣದಲ್ಲಿದ್ದವು. ಮಜಾದ ಡೇರೆ ಇವರ ಹೆಗಲೇರಿತು, ಪಾತ್ರೆಯ ಗಂಟು ನನ್ನ ತಲೆಯೇರಿತು. ಎರೆಮಣ್ಣಿನ ಬಿರುಕಿನಲ್ಲಿ ಕಾಲು ಸಿಕ್ಕಿ, ಜೋಳದ ಕೂಳೆ ಚುಚ್ಚಿ, ಇವರ ಮಾತು ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇಹೋಯಿತು. ನನಗೂ ಪ್ರಾಣ ಹೋಗುವಂತಾಗಿತ್ತು. ಆದರೂ ಕಾಲುಗಳು ತಾವಾಗಿಯೇ ಮುಂದೆ ಹೋಗುತ್ತಿದ್ದವು.

ಹೊತ್ತು ಇಳಿಯುವಾಗ ಬೇವಿನ ಮರ ಕಂಡಿತು. ಅದರ ಕಟ್ಟೆಯ ಮೇಲೆ ಇವರು ಧೊಪ್ಪನೆ ಕೂತರು. ಎಲ್ಲಿ ಕೂತೆನೆಂದು ಆಮೇಲೆ ನೋಡಿಕೊಂಡರು.

"ಒಳಗ ಬರೂದಿಲ್ಲ ನಾ" ಅಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

"ಬರಬ್ಯಾಡ್ರಿ ಅಳಿಯಾರ" ಎಂಬ ದನಿ ಮರದ ಹಿಂದಿನಿಂದ ಬಂತು. "ಮನೀನ ಹೊರಗ ತಂದೇನಿ."

ಅವ್ವ! ಮರದ ನೆರಳಲ್ಲಿ ಕಂಬಳಿ ಹಾಸಿತ್ತು. ನೀರಿನ ಕೊಡ, ಮಜ್ಜಿಗೆಯ ಗಡಿಗೆ, ಅರಿವೆ ಮುಚ್ಚಿದ ರೊಟ್ಟಿಯ ಬುಟ್ಟಿ, ಎಲ್ಲ ಅಲ್ಲೇ ಇದ್ದವು.

"ನಾವ್ ಬರ್ತೀವಂತ ಯಾರ್ ಹೇಳಿದ್ರು?" ಎಂದರು ಇವರು.

"ನಿನ್ನಿ ಹರಗೋಲದಾಗ ಇಳದು ಹೋದದ್ದು ನೋಡಿನಿ. ಇಳದವರು ಈ ದಾರೀಲೇ ನಡಕೊಂತ ಬರಬೇಕಲ್ಲರಿ? ಆವಾಗಿಂದ ಇಲ್ಲೇ ಕುಂತೇನಿ."

ಇವರು ನನ್ನತ್ತ ತಿರುಗಿದರು. "ನಿನಗೂ ಗೊತ್ತಿತ್ತೇನಲೇ?"

"ಈ ದಂಡ್ಯಾಗ ಹುಟ್ಟಿದಾಕಿರಿ ನಾ" ಅಂದೆ.

ಬಯ್ಯಲು ಬಾಯಿ ತೆರೆದರು. ಸಿಟ್ಟಿಗೂ ತ್ರಾಣ ಬೇಕು, ಅದಿರಲಿಲ್ಲ. ಅವ್ವ ಚೆಂಬು ಹಿಡಿದು ಮುಂದೆ ನಿಂತಳು. ಇವರು ಬೊಬ್ಬೆಯೆದ್ದ ಕಾಲನ್ನು ಮೆಲ್ಲಗೆ ಮುಂದೆ ಚಾಚಿದರು. ಅವ್ವ ನೀರು ಹಾಕಿದಳು.

ಆಮೇಲೆ ನನ್ನ ತಲೆಯ ಮೇಲಿನ ಗಂಟು ಇಳಿಸಿದಳು. ಇವರಿಗೂ ಮರೆಪ್ಪನಿಗೂ ಬಡಿಸಲೆಂದು ರೊಟ್ಟಿಯ ಬುಟ್ಟಿಗೆ ಕೈ ಹಾಕಿದೆ. ಅವ್ವ ಕೈ ಹಿಡಿದಳು.

"ಬಿಡಬೇ ಕಾಶಿ, ನಾ ನೀಡತೇನಿ. ನೀ ಮಲಕ್ಕೋ."

ಈ ಏಳು ವರ್ಷದಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಕಂಬಳಿಯ ಮೇಲೆ ಬಿದ್ದು ಅವ್ವನ ಸೆರಗು ಹಿಡಿದುಕೊಂಡೆ, ಉಣ್ಣದೆಯೇ ನಿದ್ದೆ ಹೋದೆ.